ನಲವತ್ತೊಂದು ಚಮಚ

ಬಂದ ದಿನವೇ ಎಲ್‌ಡ್ರಿಡ್ ನನ್ನ ಉಗುರು ನೋಡಿದಳು,
ಆಮೇಲೆ ಮುಖ.
"ಇಲ್ಜೆ ಅಲ್ಲವೆ, ಲಾಟ್ವಿಯಾದವಳು?
ಚಾಕು ಹಿಡಿಯಲು ಬರುತ್ತದೆಯೆ?"
ಬರುತ್ತದೆ ಅಂದೆ. ಬರುತ್ತಿರಲಿಲ್ಲ.
ಒಂದು ಮೂಟೆ ಈರುಳ್ಳಿ ಆ ಸುಳ್ಳನ್ನು
ಸಂಜೆಯೊಳಗೆ ಅಳಿಸಿ ಅಳಿಸಿ ಹೊರಗೆ ಹಾಕಿತು.

ನಾರ್ವೆಯ ಈ ಕಣಿವೆಗೆ ನವೆಂಬರಿನಲ್ಲಿ
ಬಿಸಿಲು ಬರುವುದು ಅವಸರದ ನೆಂಟನ ಹಾಗೆ,
ಕೋಟು ಬಿಚ್ಚುವುದಿಲ್ಲ, ಕೂರುವುದೂ ಇಲ್ಲ.
ಐದು ಮನೆ, ಒಂದು ಕೊಟ್ಟಿಗೆ, ಮಗ್ಗದ ಕೋಣೆ,
ನಡುವೆ ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ.
ಇಲ್ಲಿ ಯಾರನ್ನು ಯಾರು ನೋಡಿಕೊಳ್ಳುತ್ತಾರೆಂದು
ಮೊದಲ ವಾರ ಕೇಳಿದೆ,
ಎರಡನೆಯ ವಾರ ಕೇಳುವುದು ಬಿಟ್ಟೆ:
ದಿನಾ ನನ್ನ ಏಪ್ರನ್ನಿನ ಗಂಟು ಬಿಗಿಯುತ್ತಿದ್ದವನು
ಸ್ವೆರ್ರೆ.

ಸ್ವೆರ್ರೆಗೆ ಐವತ್ತೆರಡು. ಓದು ಬಾರದು.
ಲೆಕ್ಕ ನಲವತ್ತೊಂದರ ತನಕ ಬರುತ್ತದೆ,
ಸಾಕು, ನಾವಿರುವುದೂ ಅಷ್ಟೇ.
ಹನ್ನೊಂದು ಗಂಟೆಗೆ ಚಮಚಗಳನ್ನು ಕೂಗಿ ಕೂಗಿ ಎಣಿಸುತ್ತಾ
ಮೇಜಿನಿಂದ ಮೇಜಿಗೆ ನಡೆಯುತ್ತಾನೆ.
ಯಾರಾದರೂ ಆಸ್ಪತ್ರೆಯಲ್ಲಿದ್ದರೆ
ಅವರ ಸಂಖ್ಯೆಯನ್ನಷ್ಟೇ ಪಿಸುಗುಟ್ಟಿ ಮುಂದಕ್ಕೆ.

ಆಲೂಗಡ್ಡೆ ಸುಲಿದರೆ ಒಂದೊಂದರಲ್ಲೂ
ಒಂದು ಕಣ್ಣು ಉಳಿಸುತ್ತಾನೆ.
"ಎಲ್ಲಾ ಕಿತ್ತರೆ, ತಾನು ಎಲ್ಲಿಗೆ ಬಂದೆ ಅಂತ
ಅದಕ್ಕೆ ಹೇಗೆ ಗೊತ್ತಾಗಬೇಕು?"
ನನ್ನ ಹತ್ತಿರ ಉತ್ತರವಿರಲಿಲ್ಲ.
ನಾನೂ ಬಂದು ಒಂಬತ್ತೇ ದಿನವಾಗಿತ್ತು.

ಕಿಟಕಿಯ ಬಳಿ ಜಿಡ್ಡು ಹಿಡಿದ ಒಂದು ಪುಸ್ತಕ.
ನನ್ನ ಹಾಗೆ ಕಲಿಯಲು ಬಂದು ಹೋದವರ ಬರಹ,
ಯಾವನೋ ಜರ್ಮನ್ ಹುಡುಗನ ಗಂಜಿ,
ಜಾರ್ಜಿಯಾದವಳೊಬ್ಬಳ ಅವರೆಬೀಜ.
ಅಂಚಿನಲ್ಲಿ ಎಲ್‌ಡ್ರಿಡ್‌ಳ ಪೆನ್ಸಿಲ್ಲು:
'ಬೆಣ್ಣೆ, ಸೋಲ್‌ವೇಗ್ ನೋಡದಿದ್ದರೆ ಇನ್ನೊಂದಿಷ್ಟು.'
'ಇದನ್ನು ಗುರುವಾರ ಮಾಡಬೇಡಿ.'
ಯಾಕೆಂದು ಬರೆದಿಲ್ಲ.

ಫೆಬ್ರವರಿಯಲ್ಲಿ ಮನೆಯಿಂದ ಫೋನು ಬಂತು.
ನಾನಿಲ್ಲದೆಯೇ ನಮ್ಮ ನಾಯಿಯನ್ನು ಹೂಳಿದ್ದರು,
ಸೇಬಿನ ಗಿಡದ ಬುಡದಲ್ಲಿ, ಹಿಮ ಅಗೆದು.
ಒಲೆಯ ಹತ್ತಿರ ಬಂದೆ,
ಬಟಾಣಿ ಸೂಪಿಗೆ ಉಪ್ಪು ಹಾಕಿದೆ,
ಹಾಕಿದ್ದು ಮರೆತೆ, ಮತ್ತೆ ಹಾಕಿದೆ.

ಎಲ್ಲರೂ ಉಂಡರು. ಯಾರೂ ತುಟಿಪಿಟಕ್ಕೆನ್ನಲಿಲ್ಲ.
ನೀರಿನ ಜಗ್ಗುಗಳು ಮಾತ್ರ ಕೈಯಿಂದ ಕೈಗೆ ಹೋದವು,
ತುಂಬಿ ಬಂದವು, ಮತ್ತೆ ಹೋದವು.
ಉಪ್ಪಿನ ಋಣ ಅನ್ನುತ್ತಾರಲ್ಲ,
ಅಂದು ಅವರ ಮೇಲೆ ನನ್ನದು ಎರಡರಷ್ಟಾಯಿತು.
ಸ್ವೆರ್ರೆ ಚಮಚ ಕೆಳಗಿಟ್ಟ.
"ಸಮುದ್ರ!" ಅಂದ, ಖುಷಿಯಿಂದ,
ರಜೆಗೆ ಕರೆದೊಯ್ದವರಿಗೆ ಹೇಳುವ ಹಾಗೆ.
ಎದ್ದು ಒಳಗೆ ಹೋಗಿ
ಸಿಪ್ಪೆ ಸಮೇತ ಒಂದು ಆಲೂಗಡ್ಡೆಯನ್ನು
ಮಿಕ್ಕ ಸೂಪಿನೊಳಗೆ ಬಿಟ್ಟ, ಮೆಲ್ಲಗೆ,
ಮೀನನ್ನು ನೀರಿಗೆ ಬಿಡುವಂತೆ.
"ಕುಡಿಯುತ್ತದೆ. ಸುಮ್ಮನಿರು."

ಆಗ ಅತ್ತೆ. ಹತ್ತಿರದಲ್ಲೆಲ್ಲೂ ಈರುಳ್ಳಿ ಇರಲಿಲ್ಲ.
ಎಲ್‌ಡ್ರಿಡ್ ಬೆನ್ನು ಸವರಲಿಲ್ಲ.
ಒದ್ದೆ ತಟ್ಟೆಯೊಂದು ಕೈಗಿತ್ತಳು, ಒರೆಸಲು,
ಆಮೇಲೆ ಇನ್ನೊಂದು.
ಏಳನೆಯದನ್ನೋ ಎಂಟನೆಯದನ್ನೋ ಕೊಡುತ್ತಾ
"ನಾಯಿಯ ಹೆಸರೇನು?" ಅಂದಳು.
ಹೇಳಿದೆ.
ಎರಡು ಸಲ ಹೇಳಿ ನೋಡಿದಳು,
ಉಚ್ಚಾರ ಸರಿಬರುವ ತನಕ.

ಮೇ ತಿಂಗಳು. ಬಸ್ಸು ಹನ್ನೊಂದೂವರೆಗೆ.
ಪೆಟ್ಟಿಗೆ ಬಾಗಿಲ ಬಳಿ, ನಾನಿನ್ನೂ ಅಡುಗೆಮನೆಯಲ್ಲೇ.
ಆಚೆ ಸ್ವೆರ್ರೆ ಎಣಿಸುತ್ತಿದ್ದಾನೆ,
ಹದಿನೈದು, ಹದಿನಾರು,
ಹದಿನೇಳನ್ನು ಪಿಸುಗುಟ್ಟಿದ.
"ಇಲ್ಲೇ ಇದ್ದೀನಲ್ಲೋ!" ಅಂತ ಕೂಗಿದೆ.
ಹದಿನೆಂಟು, ಅಂದ.

ಬಟಾಣಿ ಸೂಪಿನ ಅಳತೆ ಬರೆದುಕೊಳ್ಳೋಣವೆಂದು
ಪುಸ್ತಕ ತೆರೆದೆ. ಅಂಚಿನಲ್ಲಿ ಪೆನ್ಸಿಲ್ಲು:
'ಉಪ್ಪು, ಇಲ್ಜೆ ಹಾಕಿದ್ದರ ಅರ್ಧ.'